ಸೊಟ್ಟ ಮೂಲೆಯಲ್ಲಿ ಅಲಗು ಎತ್ತುವ ಆರ್ಲಿಸ್

ಬೆಳಗಿನ ಆರೂಮುಕ್ಕಾಲು ಗಂಟೆ. ಲಾರ್ಕಿನ್ ಕೌಂಟಿಯ ರಸ್ತೆ ಇಲಾಖೆಯ ಶೆಡ್ಡಿನ ಬಾಗಿಲು ಕಿರುಗುಟ್ಟುತ್ತಾ ಮೇಲೇರುತ್ತದೆ. ಒಳಗಿನಿಂದ ರಸ್ತೆ ಹೆರೆಯುವ ಹಳದಿ ಗ್ರೇಡರ್ ಯಂತ್ರವೊಂದು ಗುಡುಗುತ್ತಾ ಹೊರಬರುತ್ತದೆ. ಅದರ ಗಾಜಿನ ಗೂಡಿನಲ್ಲಿ ಕೂದಲನ್ನೆಲ್ಲ ಬೀಜದ ಕಂಪನಿಯ ಟೋಪಿಯೊಳಗೆ ತುರುಕಿಕೊಂಡು, ಕಾಫಿ ಫ್ಲಾಸ್ಕನ್ನು ಸೀಟಿನ ಸಂದಿಗೆ ಸಿಕ್ಕಿಸಿಕೊಂಡು ಕೂತ ಮಹಿಳೆ ಆರ್ಲಿಸ್ ವಾವ್ರಾ. ವಯಸ್ಸು ಅರವತ್ತೊಂದು, ಎತ್ತರ ಐದಡಿ ಎರಡಂಗುಲ. ಯಂತ್ರದ ತೂಕ ಹದಿನೆಂಟು ಟನ್. "ಇಬ್ಬರಲ್ಲಿ ಯಾರು ಹಟಮಾರಿ ಅಂತ ಊರವರನ್ನ ಕೇಳಿ ನೋಡಿ, ಒಬ್ರೂ ಯಂತ್ರದ ಹೆಸರು ಹೇಳಲ್ಲ" ಎಂದು ಆರ್ಲಿಸ್ ತಾವೇ ನಗುತ್ತಾರೆ.

ಆದರೆ ಇವತ್ತು ಆ ನಗು ತುಟಿಯಿಂದ ಕೆಳಗಿಳಿಯುತ್ತಿಲ್ಲ. ಹತ್ತು ಗಂಟೆಗೆ ಸೊಟ್ಟ ಮೂಲೆಯಲ್ಲಿ ರಸ್ತೆ ಅಗೆಯುತ್ತಾರೆ. ಜಲ್ಲಿಯ ಕೆಳಗೆ, ಸುಮಾರು ಎರಡಡಿ ಆಳದಲ್ಲಿ ಹಳೆಯ ಬಾಂದುಕಲ್ಲೊಂದು ಇದೆ ಎಂದು ಆರ್ಲಿಸ್ ಕೌಂಟಿಯ ಮಂಡಳಿಯ ಮುಂದೆ ನಿಂತು ಹೇಳಿಬಿಟ್ಟಿದ್ದಾರೆ. ಇದ್ದರೆ ಮೂಲೆಯಲ್ಲಿರುವ, ಊರವರು ಸೇರಿ ಕುಣಿಯುವ ಬೊಹೀಮಿಯನ್ ಭವನ ಉಳಿಯುತ್ತದೆ. ಇಲ್ಲದಿದ್ದರೆ ಅದರ ಅಡುಗೆಮನೆ, ವಾದ್ಯದವರ ಜಗಲಿ ಮತ್ತು ಅರ್ಧ ಕುಣಿತದ ನೆಲ ಪಕ್ಕದ ಹೊಲದವರ ಪಾಲಾಗುತ್ತದೆ. ಆ ಕಲ್ಲನ್ನು ಕಣ್ಣಾರೆ ಕಂಡವರು ಈಗ ಯಾರೂ ಬದುಕಿಲ್ಲ. ಆರ್ಲಿಸ್ ಕೂಡ ಕಂಡಿಲ್ಲ.

ಜಲ್ಲಿ ರಸ್ತೆಯ ಜಾತಕವೇ ಹಾಗೆ, ದಿನಾ ಕೆಡುತ್ತದೆ. ಮಳೆ ಬಂದರೆ ಗುಂಡಿ, ಬಿಸಿಲು ಬಂದರೆ ಹಲ್ಲು ಅದುರಿಸುವ ಏರಿಳಿತ, ಕಟಾವಿನ ಲಾರಿಗಳು ಓಡಾಡಿದರೆ ಎರಡೂ. ಗ್ರೇಡರಿನ ಮುಂದಿನ ಗಾಲಿಗಳಿಗೂ ಚಾಲಕರ ಗೂಡಿಗೂ ನಡುವೆ ಹನ್ನೆರಡಡಿ ಉದ್ದದ ಉಕ್ಕಿನ ಅಲಗು ತೂಗುತ್ತದೆ. ಅದನ್ನು ಓರೆಯಾಗಿ ಇಳಿಸಿ, ಅಂಚಿಗೆ ಜರುಗಿದ ಜಲ್ಲಿಯನ್ನು ಹೆರೆದು ತಂದು ನಡುವಿಗೆ ಹಾಸುವುದು ಆರ್ಲಿಸರ ಕೆಲಸ. ಅವರ ಪಾಲಿಗೆ ಎಂಬತ್ತಾರು ಮೈಲಿ ರಸ್ತೆ, ನಲವತ್ತನಾಲ್ಕು ಮೂಲೆ. ಗಂಟೆಗೆ ಐದು ಮೈಲಿ ವೇಗ, ದಿನಕ್ಕೆ ಒಂಬತ್ತು ಗಂಟೆ. ಕೊನೆಯ ಮೈಲಿ ಮುಗಿಯುವ ಹೊತ್ತಿಗೆ ಮೊದಲನೆಯ ಮೈಲಿ ಕೆಟ್ಟು ಕೂತಿರುತ್ತದೆ. ಎದುರಿಗೆ ಬರುವ ಪ್ರತಿ ಪಿಕಪ್ಪಿನವರೂ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳಿ ಹೋಗುತ್ತಾರೆ. ಎರಡು ಬೆರಳು ಎತ್ತಿದರೆ ರಸ್ತೆ ಚೆನ್ನಾಗಿದೆ ಎಂದು ಅರ್ಥ. ಇಪ್ಪತ್ತೊಂಬತ್ತು ವರ್ಷದಲ್ಲಿ ಎರಡು ಬೆರಳು ಎಷ್ಟು ಸಲ ಬಂತು? "ಲೆಕ್ಕ ಇಡೋಷ್ಟು ಬಂದಿಲ್ಲ ಬಿಡಿ" ಎನ್ನುತ್ತಾರೆ ಆರ್ಲಿಸ್.

ಮೈಲಿಗೊಂದು ಉದ್ದ ರಸ್ತೆ, ಮೈಲಿಗೊಂದು ಅಡ್ಡ ರಸ್ತೆ, ಅವು ಕೂಡುವ ಕಡೆ ಮೂಲೆ. ಪ್ರತಿ ಮೂಲೆಯ ಹೊಟ್ಟೆಯಲ್ಲೂ ನೂರೈವತ್ತು ವರ್ಷದ ಹಿಂದೆ ಈ ಹುಲ್ಲುಗಾವಲನ್ನು ಸರಪಳಿ ಎಳೆದು ಅಳೆದವರು ಹೂತಿಟ್ಟು ಹೋದ ಬಾಂದುಕಲ್ಲು. ಹೊಲ, ಮನೆ, ಶಾಲೆ, ಸ್ಮಶಾನ, ನಮ್ಮ ಕೌಂಟಿಯಲ್ಲಿ ಯಾರದ್ದು ಏನೇ ಇದ್ದರೂ ಅದು ಯಾವುದೋ ಒಂದು ಕಲ್ಲಿನಿಂದ ಇಷ್ಟು ಅಡಿ ಪೂರ್ವಕ್ಕೆ, ಇಷ್ಟು ಅಡಿ ಉತ್ತರಕ್ಕೆ ಎಂದೇ ದಾಖಲಾಗಿದೆ. ಅದಕ್ಕೇ ಇಲ್ಲಿನ ಗ್ರೇಡರ್ ಚಾಲಕರಿಗೆ ಒಂದು ಪದ್ಧತಿ ಇದೆ. ಮೂಲೆ ಬಂತೆಂದರೆ ಅಲಗನ್ನು ಅರ್ಧ ಅಡಿ ಎತ್ತುತ್ತಾರೆ, ದಾಟಿದ ಮೇಲೆ ಇಳಿಸುತ್ತಾರೆ. ಕಲ್ಲಿಗೆ ಪೆಟ್ಟು ಬೀಳಬಾರದು, ಅಷ್ಟೇ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಹಳಬರು ಹೊಸಬರಿಗೆ ಸೀಟು ಬಿಟ್ಟುಕೊಡುವಾಗ ಹೇಳಿಕೊಟ್ಟು ಹೋಗುವುದು. ಹಾಗೆ ಎತ್ತಿ ಎತ್ತಿ ಪ್ರತಿ ಮೂಲೆಯಲ್ಲೂ ಒಂದು ಸಣ್ಣ ಉಬ್ಬು ನಿಂತಿರುತ್ತದೆ. ಹೊರಗಿನವರು ಅದರ ಮೇಲೆ ಕಾರು ಕುಕ್ಕಿಸಿಕೊಂಡು ಬೈಯುತ್ತಾರೆ, ನಮ್ಮವರು ಕಾಫಿ ಲೋಟ ಹಿಡಿದುಕೊಳ್ಳುತ್ತಾರೆ.

ಇನ್ನು ಸೊಟ್ಟ ಮೂಲೆ. ಉತ್ತರ ದಕ್ಷಿಣವಾಗಿ ನೆಟ್ಟಗೆ ಬಂದ ರಸ್ತೆ ಅಲ್ಲಿ ನಲವತ್ತೊಂದು ಅಡಿ ಪೂರ್ವಕ್ಕೆ ವಾಲಿ, ಮುಂದಿನ ಮೈಲಿಯಲ್ಲಿ ವಾಪಸ್ ದಾರಿಗೆ ಬರುತ್ತದೆ. ಯಾಕೆ ವಾಲಿತು? ಅಳೆದವನು ಕುಡಿದಿದ್ದ ಎನ್ನುವುದು ದಿನಸಿ ಅಂಗಡಿಯ ಕಾಫಿ ಮೇಜಿನವರ ವಾದ. ಅವನ ಹೇಸರಗತ್ತೆ ಸರಪಳಿಯನ್ನು ತುಳಿದುಕೊಂಡು ನಿಂತಿತ್ತು ಎನ್ನುವುದು ಸಹಕಾರ ಸಂಘದ ಕಾಫಿ ಮೇಜಿನವರ ವಾದ. ಈ ಎರಡು ಮೇಜಿನವರು ಮೂರು ತಲೆಮಾರಿನಿಂದ ಇದೊಂದೇ ವಿಷಯಕ್ಕೆ ಕಿತ್ತಾಡಿಕೊಂಡು ಸುಖವಾಗಿದ್ದಾರೆ. ಬೊಹೀಮಿಯಾದಿಂದ ಕಡಲು ದಾಟಿ, ಗಾಡಿ ಕಟ್ಟಿಕೊಂಡು ಬಂದವರಿಗೆ ಸೊಟ್ಟಗೋ ನೆಟ್ಟಗೋ ಬೇಕಿರಲಿಲ್ಲ. ಅವರು ಚರ್ಚಿಗಿಂತ ಮೊದಲು ಕುಣಿಯಲು ಒಂದು ಭವನ ಕಟ್ಟಿದ ಜನ! ಎರಡು ಎಕರೆ ದಾನ ಪಡೆದು, ಬಾಂದುಕಲ್ಲಿನಿಂದ ಪೂರ್ವಕ್ಕೆ ಇನ್ನೂರ ತೊಂಬತ್ತು ಅಡಿ ಎಂದು ಪತ್ರ ಬರೆಸಿ, ಪೂರ್ವದ ಗಡಿಗೆ ಬೆನ್ನು ತಾಗುವಷ್ಟು ಹತ್ತಿರ ಅಡುಗೆಮನೆ ಎಬ್ಬಿಸಿದರು. ಇವತ್ತಿಗೂ ಶನಿವಾರ ಅಲ್ಲಿ ಪೋಲ್ಕಾ ಕುಣಿತ, ಮದುವೆ, ತಿಥಿಯ ಊಟ, ಚುನಾವಣೆಯ ಮತ, ಚಳಿಗಾಲದಲ್ಲಿ ದಾಲ್ಚಿನ್ನಿ ಬನ್ನಿನ ಜೊತೆ ಖಾರದ ಹುರುಳಿ ಸಾರು.

ಆರ್ಲಿಸ್ ಗ್ರೇಡರ್ ಹತ್ತಿದ್ದು ಆಸೆಪಟ್ಟಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಮೂವತ್ತು ಹಸು ಇದ್ದವು. ಗಂಡ ಲೂಮಿರ್ ಹುಲ್ಲಿನ ಅಟ್ಟದಿಂದ ಬಿದ್ದು ಬೆನ್ನು ಮುರಿದುಕೊಂಡ ವರ್ಷ ಹಸುಗಳು ಹೋದವು. ಹಳೆಯ ಗ್ರೇಡರ್ ಚಾಲಕ ಮೈಲೋ ಕುಬಿಕ್ ನಿವೃತ್ತರಾದಾಗ ಅವರ ಜಾಗಕ್ಕೆ ಅರ್ಜಿ ಹಾಕಿದ್ದು ಆರ್ಲಿಸ್ ಒಬ್ಬರೇ. ಮೊದಲ ಹಿಮ ಬೀಳುವವರೆಗೂ ಇವರು ಈ ಕೆಲಸದಲ್ಲಿ ಉಳಿಯುವುದಿಲ್ಲ ಎಂದು ಎರಡೂ ಕಾಫಿ ಮೇಜಿನವರು ಅಪರೂಪಕ್ಕೆ ಒಮ್ಮತಕ್ಕೆ ಬಂದಿದ್ದರು. ಮೊದಲ ಹಿಮ ಅಕ್ಟೋಬರಿನಲ್ಲೇ ಎದೆಮಟ್ಟ ಬಿತ್ತು. ಆರ್ಲಿಸ್ ಹತ್ತೊಂಬತ್ತು ಗಂಟೆ ಯಂತ್ರದಿಂದ ಇಳಿಯದೆ ಹಿಮ ಸರಿಸಿದರು, ಹೆರಿಗೆ ನೋವಿನಲ್ಲಿದ್ದ ಎಮೀಲಿ ಪೊಸ್ಪಿಶಿಲ್ ಅವರನ್ನು ಆಸ್ಪತ್ರೆಗೆ ದಾಟಿಸಿದರು. ಆ ಎಮೀಲಿಯೇ ಇಂದು ಭವನದ ಕಾರ್ಯದರ್ಶಿ. "ಅವತ್ತು ಮುಂದೆ ಇವಳ ಗ್ರೇಡರ್, ಹಿಂದೆ ನಮ್ಮ ಕಾರು. ನಾನು ನೋವಿಗೆ ಕಿರುಚ್ತಿದ್ರೆ ಇವಳು ಮೂಲೆ ಬಂತು ಅಂತ ಅಲಗು ಎತ್ತಿ ಇಳಿಸ್ತಾ ಹೋಗ್ತಿದ್ಳು! ಅಂಥಾ ಹೊತ್ತಲ್ಲೂ ಕಲ್ಲಿನ ಚಿಂತೆ ಇವಳಿಗೆ!" ಎಂದು ಎಮೀಲಿ ಈಗಲೂ ಎಲ್ಲರೆದುರು ಬೈಯುತ್ತಾರೆ.

ಈ ಆಗಸ್ಟಿನಲ್ಲಿ ಆರ್ಲಿಸರಿಗೆ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ಮೂರು ವಾರ ರಜೆ. ಆ ಹೊತ್ತಿನಲ್ಲಿ ಉಪಗ್ರಹದ ಮಾತು ಕೇಳಿ ತಾನೇ ಅಲಗು ಆಡಿಸುವ ಬಾಡಿಗೆ ಯಂತ್ರವೊಂದನ್ನು ಕೌಂಟಿಯವರು ತರಿಸಿದರು. ಅದು ಎಂಬತ್ತಾರು ಮೈಲಿಯನ್ನೂ ಮೇಜಿನಂತೆ ನಯ ಮಾಡಿತು, ನಲವತ್ತನಾಲ್ಕು ಉಬ್ಬನ್ನೂ ಸವರಿ ಹಾಕಿತು. ಊರುಗೋಲು ಹಿಡಿದು ನೋಡಲು ಹೋದ ಆರ್ಲಿಸ್ ಸೊಟ್ಟ ಮೂಲೆಯಲ್ಲಿ ಕಾರಿನೊಳಗೇ ಕೂತು ಅತ್ತುಬಿಟ್ಟರು. "ಸಿಟ್ಟಿಗೆ ಅತ್ತಿದ್ದು, ದುಃಖಕ್ಕಲ್ಲ" ಎಂದು ತಿದ್ದುತ್ತಾರೆ.

ಅದೇ ವಾರ ಇನ್ನೊಂದು ಪೆಟ್ಟು. ಭವನದ ಸುತ್ತಲಿನ ಹೊಲವನ್ನು ಹೋದ ವರ್ಷ ದೂರದ ಊರಿನ ಕಂಪನಿಯೊಂದು ಕೊಂಡಿತ್ತು. ಅವರ ಸರ್ವೆಯರ್ ಆ ಮೂಲೆಯಲ್ಲಿ ಕಲ್ಲೇ ಇಲ್ಲ, ಕಳೆದುಹೋಗಿದೆ ಎಂದು ಬರೆದು, ಆಚೀಚೆಯ ಮೂಲೆಗಳಿಂದ ಲೆಕ್ಕ ಹಾಕಿ, ರಸ್ತೆಯ ಪಶ್ಚಿಮದ ಚರಂಡಿಯಲ್ಲಿ ಗುಲಾಬಿ ರಿಬ್ಬನ್ ಕಟ್ಟಿದ ಕಬ್ಬಿಣದ ಗೂಟ ನೆಟ್ಟ. ಕಾಗದದ ಮೇಲೆ ಸೊಟ್ಟ ನೆಟ್ಟಗಾಯಿತು. ಮೂಲೆ ನಲವತ್ತೊಂದು ಅಡಿ ಪಶ್ಚಿಮಕ್ಕೆ ಜರುಗಿತು, ಅದರ ಬೆನ್ನಿಗೆ ಭವನದ ಎರಡು ಎಕರೆಯೂ ಜರುಗಿತು, ಅಡುಗೆಮನೆ ಕಂಪನಿಯ ಹೊಲದಲ್ಲಿ ಉಳಿಯಿತು. ವಸಂತದೊಳಗೆ ತೆರವು ಮಾಡಿ ಎಂದು ಪತ್ರ ಬಂತು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತದೆ, ಭವನದ ಸದಸ್ಯರ ಸರಾಸರಿ ವಯಸ್ಸು ಎಪ್ಪತ್ತೊಂದು.

ಕೌಂಟಿಯ ಸರ್ವೆಯರ್ ಲೈಲ್ ಎನ್‌ಗ್ರೆನ್ ಮಂಡಳಿಯ ಸಭೆಯಲ್ಲಿ ಕಾನೂನನ್ನು ಬಿಡಿಸಿ ಹೇಳಿದರು. "ಮೊದಲು ಅಳೆದವನು ಕಲ್ಲು ಎಲ್ಲಿಟ್ನೋ ಅದೇ ಮೂಲೆ. ತಪ್ಪಾಗಿ ಇಟ್ಟಿದ್ರೂ ಅದೇ, ಕುಡಿದು ಇಟ್ಟಿದ್ರೂ ಅದೇ. ಉಪಗ್ರಹಕ್ಕೆ ಅಲ್ಲಿ ಬಾಯಿಲ್ಲ. ಆದ್ರೆ ಕಲ್ಲು ಕಣ್ಣಿಗೆ ಕಾಣ್ಬೇಕು. ಎಲ್ಲಿದೆ ಅಂತ ಹೇಳೋರು ಯಾರಾದ್ರೂ ಇದ್ದೀರಾ?" ಹಿಂದಿನ ಸಾಲಿನಿಂದ ಊರುಗೋಲೊಂದು ಮೇಲೆದ್ದಿತು.

ಊರುಗೋಲು ಎತ್ತಿದ್ದೇನೋ ಸರಿ, ಭಾನುವಾರ ವೃದ್ಧಾಶ್ರಮಕ್ಕೆ ಹೋಗಿ ಕಲ್ಲು ನೋಡಿದ್ದೀರಾ ಎಂದು ಮೈಲೋ ಕುಬಿಕ್ ಅವರನ್ನು ಕೇಳಿದಾಗ ಆರ್ಲಿಸರ ಧೈರ್ಯ ಉಡುಗಿತು. ಮೈಲೋಗೆ ಈಗ ತೊಂಬತ್ತೆರಡು. ಹಲ್ಲಿಲ್ಲದ ಬಾಯಲ್ಲಿ ಗಸಗಸೆಯ ಕೊಲಾಚೆ ಬನ್ನು ಮೆಲ್ಲುತ್ತಾ ಹೇಳಿದರಂತೆ: "ನೋಡೋದಾ? ನಾನೆಲ್ಲಿ ನೋಡಿದ್ದೀನಿ ಮಾರಾಯ್ತಿ! ನನಗಿಂತ ಮುಂಚೆ ಕುದುರೆ ಕಟ್ಟಿ ರಸ್ತೆ ಹೆರೀತಿದ್ದ ಹವ್ಲಿಚೆಕ್ ನೋಡಿದ್ದ. ಧೂಳಿನ ಬಿರುಗಾಳಿ ಬೀಸಿದ ವರ್ಷ ರಸ್ತೆ ಮೇಲಿನ ಮಣ್ಣೆಲ್ಲಾ ಹಾರ್‌ಹೋಗಿ ಕಲ್ಲು ತಲೆ ತೋರಿಸ್ತಂತೆ. ಅಲ್ಲಿ ಅಲಗು ಎತ್ತು ಅಂದ, ಎತ್ತಿದೆ. ನಾನು ಎತ್ತು ಅಂದೆ, ನೀನು ಎತ್ತಿದೆ."

"ಹಾಗಾದ್ರೆ ಇಷ್ಟು ವರ್ಷ ಏನೂ ಇಲ್ಲದ ಕಡೆ ಎತ್ತಿದ್ದೀನೇನೋ ನಾನು!"

"ಎತ್ತಿದ್ರೆ ಏನು ಗಂಟು ಹೋಯ್ತು? ಕೈಗೆ ವ್ಯಾಯಾಮ ಆಯ್ತು ಬಿಡು" ಎಂದು ಮೈಲೋ ಇನ್ನೊಂದು ಬನ್ನಿಗೆ ಕೈ ಹಾಕಿದರು.

ಹತ್ತಕ್ಕೆ ಹತ್ತು ನಿಮಿಷ. ಸೊಟ್ಟ ಮೂಲೆಯಲ್ಲಿ ಹಬ್ಬದ ಗೌಜು! ನಲವತ್ತು ಪಿಕಪ್ ಚರಂಡಿಯಂಚಿಗೆ ಸಾಲುಗಟ್ಟಿವೆ. ಎರಡೂ ಕಾಫಿ ಮೇಜಿನವರು ಬಂದು ರಸ್ತೆಯ ಎರಡು ಬದಿ ನಿಂತಿದ್ದಾರೆ. ಎಮೀಲಿ ಭವನದ ಮೆಟ್ಟಿಲ ಮೇಲೆ ಕಾಫಿ ಹಂಚುತ್ತಿದ್ದಾರೆ. ಮೈಲೋ ಅವರನ್ನು ಕಂಬಳಿ ಸುತ್ತಿ ಒಂದು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರಿಸಿದ್ದಾರೆ. ಕಂಪನಿಯ ಕಡೆಯಿಂದ ಮಣ್ಣು ಕಾಣದ ಹೊಸ ಬೂಟು ತೊಟ್ಟ ವಕೀಲೆಯೊಬ್ಬರು ಬಂದಿದ್ದಾರೆ, ಅವರ ಕೈಗೂ ಎಮೀಲಿ ಒಂದು ಕೊಲಾಚೆ ತುರುಕಿದ್ದಾರೆ. ಕಟಾವಿನ ಕಾಲವಾದ್ದರಿಂದ ರಸ್ತೆ ಮುಚ್ಚಲು ಸಿಕ್ಕಿರುವುದು ಒಂದೇ ಗಂಟೆ. ಅಷ್ಟರೊಳಗೆ ಕಲ್ಲು ಕಾಣದಿದ್ದರೆ ಸೋಮವಾರ ಮಂಡಳಿ ಗುಲಾಬಿ ರಿಬ್ಬನ್ನಿನ ಗೂಟಕ್ಕೆ ಒಪ್ಪಿಗೆ ಕೊಡುತ್ತದೆ.

"ಎಲ್ಲಿ, ತೋರಿಸಿ ಆರ್ಲಿಸ್" ಎನ್ನುತ್ತಾರೆ ಲೈಲ್.

ಆರ್ಲಿಸ್ ಯಂತ್ರವನ್ನು ದೂರದಲ್ಲೇ ಬಿಟ್ಟು ನಡೆದು ಬರುತ್ತಾರೆ. ಮೈಲೋ ಕೊಟ್ಟ ಗುರುತು ಅವರಿಗೆ ಬಾಯಿಪಾಠ. ದಕ್ಷಿಣದಿಂದ ಬರುವಾಗ ಭವನದ ಮಾಡಿನ ನೆತ್ತಿ ದೂರದ ಧಾನ್ಯದ ಗೋಪುರದ ಕಿಟಕಿಯನ್ನು ಮುಟ್ಟಬೇಕು. ಹಿಂದೆ ಮುಂದೆ ಹೆಜ್ಜೆ ಹಾಕಿ, ಕಣ್ಣು ಕಿರಿದು ಮಾಡಿ, ಕೊನೆಗೆ ಹಿಮ್ಮಡಿಯಿಂದ ಜಲ್ಲಿ ಕೆದಕಿ "ಇಲ್ಲಿ" ಎನ್ನುತ್ತಾರೆ.

ಲೈಲ್ ಮತ್ತು ಇನ್ನಿಬ್ಬರು ಗುದ್ದಲಿ ಹಾಕುತ್ತಾರೆ. ಒಂದಡಿ. ಜಲ್ಲಿ. ಎರಡಡಿ. ಕರಿ ಮಣ್ಣು. ಎರಡೂವರೆ. ಎರೆಹುಳು. ಮೂರಡಿ ಆದರೂ ಕಲ್ಲಿನ ಸುಳಿವಿಲ್ಲ. ಗುಂಡಿ ಅಗಲವಾಗುತ್ತದೆ, ಮಾತು ಕಡಿಮೆಯಾಗುತ್ತದೆ. "ಆ ಬಾಡಿಗೆ ಯಂತ್ರ ಕಿತ್ತು ಎಸೆದಿರ್ಬೇಕು" ಎಂದು ಯಾರೋ ಪಿಸುಗುಟ್ಟುತ್ತಾರೆ. "ಇದ್ದಿದ್ರೆ ತಾನೆ ಕೀಳೋದು" ಎನ್ನುತ್ತದೆ ಇನ್ನೊಂದು ದನಿ. ಹತ್ತೂವರೆಗೆ ಲೈಲ್ ಗುದ್ದಲಿ ಊರಿ ನಿಲ್ಲುತ್ತಾರೆ. ಆರ್ಲಿಸರ ಕಿವಿ ಕೆಂಪಾಗಿದೆ. ಇಡೀ ಕೌಂಟಿಯನ್ನು ಕರೆದು ಬೆಪ್ಪು ಮಾಡಿದೆನಲ್ಲ, ಎಮೀಲಿಯ ಅಡುಗೆಮನೆಗೆ ಈಗ ಏನು ಗತಿ ಎಂದು ಅವರು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಳ್ಳುತ್ತಾರೆ.

ಅಷ್ಟರಲ್ಲಿ ಪಿಕಪ್ಪಿನ ಹಾರ್ನ್ ಕಿರುಚುತ್ತದೆ. ಮೈಲೋ ಕಿಟಕಿಯಿಂದ ಕತ್ತು ಚಾಚಿ ಕೂಗುತ್ತಿದ್ದಾರೆ. "ಏ ಆರ್ಲಿಸ್! ನೆಲದ ಮೇಲೆ ನಿಂತ್ಕೊಂಡು ಏನು ಹುಡುಕ್ತಿದ್ದೀಯೇ? ನಾನು ನಿನಗೆ ಹೇಳ್ಕೊಟ್ಟಿದ್ದು ಸೀಟ್ ಮೇಲೆ ಕೂರಿಸಿ ಅಲ್ವೇನೇ!"

ಆರ್ಲಿಸ್ ಹೊಸ ಮಂಡಿಯನ್ನೂ ಮರೆತು ಯಂತ್ರದ ಕಡೆ ಹೆಚ್ಚುಕಡಿಮೆ ಓಡುತ್ತಾರೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಮೂಲೆಯ ನಡುವೆ ಅವರು ಕಾಲೂರಿ ನಿಂತವರೇ ಅಲ್ಲ. ಮಾಡಿನ ನೆತ್ತಿ, ಗೋಪುರದ ಕಿಟಕಿ ಎಲ್ಲವೂ ಎಂಟಡಿ ಎತ್ತರದ ಸೀಟಿನಿಂದ ಕಂಡ ಗುರುತು, ಐದಡಿಯ ಕಣ್ಣಿಗೆ ಅದೇ ಗುರುತು ಬೇರೆ ಜಾಗ ತೋರಿಸುತ್ತದೆ. ಮೇಲಾಗಿ ಎತ್ತುವುದು ಅವರಾದರೂ ಕಲ್ಲಿನ ಮೇಲೆ ಹಾಯುವುದು ಅವರಲ್ಲ, ಅವರ ಮುಂದಿರುವ ಅಲಗು!

"ಗುಂಡಿ ಮುಚ್ಚಿ! ಎಲ್ರೂ ದಾರಿ ಬಿಡಿ!" ಎನ್ನುತ್ತಾರೆ ಆರ್ಲಿಸ್. ಕಾಫಿ ಮೇಜಿನ ಎರಡೂ ಪಕ್ಷದವರು ಗುದ್ದಲಿ ಕಸಿದುಕೊಂಡು ಗುಂಡಿಗೆ ಮಣ್ಣೆಳೆಯುತ್ತಾರೆ. ಗ್ರೇಡರ್ ಕಾಲು ಮೈಲಿ ಹಿಂದಕ್ಕೆ ಹೋಗಿ ತಿರುಗುತ್ತದೆ, ಅಲಗು ಇಳಿಯುತ್ತದೆ, ಗಂಟೆಗೆ ಐದು ಮೈಲಿಯ ಅದೇ ಸೋಮಾರಿ ವೇಗದಲ್ಲಿ ಬರುತ್ತದೆ. ಜಲ್ಲಿ ಸರಸರ ಹೊರಳುತ್ತದೆ. ಗೂಡಿನೊಳಗೆ ಆರ್ಲಿಸ್ ಮಾಡನ್ನೂ ನೋಡುತ್ತಿಲ್ಲ, ಗೋಪುರವನ್ನೂ ನೋಡುತ್ತಿಲ್ಲ. "ನೋಡಿದ್ರೆ ಕೆಟ್ಟೋಗ್ತಿತ್ತು. ಕೈಗೆ ಬಿಟ್ಬಿಟ್ಟೆ" ಎಂದು ಆಮೇಲೆ ಹೇಳುತ್ತಾರೆ. ಕೈ ತಾನಾಗಿ ಹಿಡಿಕೆಯನ್ನು ಹಿಂದಕ್ಕೆಳೆಯುತ್ತದೆ, ಅಲಗು ಮೇಲೇಳುತ್ತದೆ. ಎರಡು ಉಸಿರು. ಕೈ ಹಿಡಿಕೆಯನ್ನು ಮುಂದಕ್ಕೆ ತಳ್ಳುತ್ತದೆ, ಅಲಗು ಇಳಿಯುತ್ತದೆ.

ಹೆರೆದ ರಸ್ತೆಯ ನಡುವೆ ಹೆರೆಯದ ಒಂದು ತುಂಡು ಉಳಿದಿದೆ. ಉದ್ದ ಹದಿನಾರಡಿ. ಮೊದಲ ಗುಂಡಿಗಿಂತ ಹತ್ತಡಿಗೂ ಮುಂದೆ. ಲೈಲ್ ಅಳತೆ ಪಟ್ಟಿ ಹಿಡಿದು ಅದರ ನಟ್ಟನಡುವೆ ಗುರುತು ಹಾಕುತ್ತಾರೆ. ಗಂಟೆ ಹತ್ತು ನಲವತ್ತೆಂಟು. ರಸ್ತೆಯ ಎರಡು ತುದಿಯಲ್ಲೂ ಜೋಳದ ಲಾರಿಗಳು ಕಾದು ನಿಂತಿವೆ, ಅವುಗಳ ಚಾಲಕರು ಬೈಯುವುದು ಬಿಟ್ಟು ಇಳಿದು ಬಂದಿದ್ದಾರೆ. ಒಂದಡಿ. ಒಂದೂವರೆ. ಎರಡಡಿ. ಲೈಲ್ ಇನ್ನೊಮ್ಮೆ ಗುದ್ದಲಿ ಹಾಕುತ್ತಾರೆ.

ಟಣ್!

ಆ ಸದ್ದಿಗೆ ಎಮೀಲಿಯ ಕೈಯಿಂದ ಕಾಫಿ ಜಗ್ಗು ಜಾರುತ್ತದೆ. ಲೈಲ್ ಮಂಡಿಯೂರಿ ಕೈಯಿಂದಲೇ ಮಣ್ಣು ಬಾಚುತ್ತಾರೆ, ಟೋಪಿಯಿಂದ ಒರೆಸುತ್ತಾರೆ. ಹಳದಿ ಬಣ್ಣದ ಸುಣ್ಣದಕಲ್ಲು, ಅಂಚುಗಳಲ್ಲಿ ಉಳಿಯ ಕಚ್ಚು. ಅಳೆದವನ ಹಳೆಯ ಟಿಪ್ಪಣಿಯ ನಕಲು ಲೈಲ್ ಜೇಬಿನಲ್ಲಿದೆ. ದಕ್ಷಿಣದ ಅಂಚಿಗೆ ಮೂರು ಕಚ್ಚು, ಪೂರ್ವದ ಅಂಚಿಗೆ ಎರಡು ಎಂದು ಅದರಲ್ಲಿದೆ. ಕಂಪನಿಯ ವಕೀಲೆ ಹೊಸ ಬೂಟಿನ ಸಮೇತ ಗುಂಡಿಗೆ ಇಳಿದು ಬೆರಳಿಟ್ಟು ತಾವೇ ಎಣಿಸುತ್ತಾರೆ. "ಒಂದು, ಎರಡು, ಮೂರು. ಈ ಕಡೆ ಒಂದು... ಎರಡು." ತಲೆಯೆತ್ತಿ ನೋಡಿ, "ಅದೇ. ನಮ್ಮವರಿಗೆ ನಾನೇ ಹೇಳ್ತೀನಿ" ಎನ್ನುತ್ತಾರೆ.

ಆಮೇಲಿನದನ್ನು ಏನು ಹೇಳುವುದು! ಲಾರಿಗಳ ಹಾರ್ನ್ ಒಂದೇ ಸಮ. ಕುಡಿದಿದ್ದ ಎನ್ನುವವರು ಹೇಸರಗತ್ತೆ ಎನ್ನುವವರನ್ನು ಅಪ್ಪಿಕೊಳ್ಳುತ್ತಾರೆ. ಯಾರದ್ದೋ ಪಿಕಪ್ಪಿನಿಂದ ಅಕಾರ್ಡಿಯನ್ ಹೊರಬಂದು, ಬೆಳಗಿನ ಹನ್ನೊಂದು ಗಂಟೆಗೆ, ನಡುರಸ್ತೆಯಲ್ಲಿ, ಕೆಲಸದ ಬೂಟುಗಳಲ್ಲೇ ಪೋಲ್ಕಾ ಶುರುವಾಗುತ್ತದೆ. ಮೈಲೋ ಕಿಟಕಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ "ಹವ್ಲಿಚೆಕ್ ಸುಳ್ಳು ಹೇಳೋನಲ್ಲ ಅಂತ ನನಗೆ ಗೊತ್ತಿತ್ತು" ಎನ್ನುತ್ತಾರೆ. ಎಮೀಲಿ ಆರ್ಲಿಸರನ್ನು ಎಳೆದುಕೊಂಡು ಎರಡು ಸುತ್ತು ಹಾಕಿಸಿ, ಮಂಡಿಯ ನೆನಪಾಗಿ ತಾವೇ ಬೈಸಿಕೊಂಡವರಂತೆ ನಿಲ್ಲಿಸುತ್ತಾರೆ.

ಆರ್ಲಿಸರಿಗೆ ಕುಣಿಯಲು ಪುರುಸೊತ್ತಿಲ್ಲ. ಲಾರಿಗಳು ಹೋಗಬೇಕು, ಎರಡೂ ಗುಂಡಿ ಗಟ್ಟಿಯಾಗಿ ಮುಚ್ಚಬೇಕು, ಇನ್ನೂ ಇಪ್ಪತ್ತು ಮೈಲಿ ಹೆರೆಯುವುದಿದೆ. ಬೇರೆ ನಲವತ್ತಮೂರು ಮೂಲೆಗಳ ಉಬ್ಬನ್ನೂ ಹಿಮ ಬೀಳುವುದರೊಳಗೆ ಮತ್ತೆ ನಿಲ್ಲಿಸಬೇಕೆನ್ನುವುದು ಅವರ ಆಸೆ. ಬೇರೇನಾದರೂ ಬೇಕೇ ಎಂದರೆ, "ಸೀಟಿಗೊಂದು ಹೊಸ ದಿಂಬು ಕೊಟ್ರೆ ಬೇಡ ಅನ್ನಲ್ಲ" ಎನ್ನುತ್ತಾರೆ.

ಯಂತ್ರ ಹತ್ತುವಷ್ಟರಲ್ಲಿ ಲೈಲ್ ಕಾಗದ ಹಿಡಿದು ಬರುತ್ತಾರೆ. ಕಲ್ಲಿನ ದಾಖಲೆ ಕೌಂಟಿಯ ಕಚೇರಿಯಲ್ಲಿ ಶಾಶ್ವತವಾಗಿ ಇರುವಂಥದ್ದು, ಆರ್ಲಿಸರ ಹೆಸರೂ ಅದರಲ್ಲಿ ಸೇರುತ್ತದೆ. ಗಾಲಿಯ ಮೇಲೆ ಕಾಗದ ಇಟ್ಟುಕೊಂಡು ಲೈಲ್ ಬರೆಯುತ್ತಾ ಓದುತ್ತಾರೆ. "ರಸ್ತೆ ಕೆಲಸದ ಆರ್ಲಿಸ್ ವಾವ್ರಾ ಅವರ ನೆರವಿನಿಂದ ಈ ದಿನ ಕಲ್ಲು ಪತ್ತೆಯಾಯಿತು. ಸರಿ ತಾನೆ? ಇಲ್ಲೊಂದು ಸಹಿ ಹಾಕಿ."

ಆರ್ಲಿಸ್ ಪೆನ್ನು ತೆಗೆದುಕೊಳ್ಳುತ್ತಾರೆ. ಓದುತ್ತಾರೆ. ಪೆನ್ನನ್ನು ವಾಪಸ್ ಕೊಡುತ್ತಾರೆ.

"ಪತ್ತೆಯಾಯ್ತು ಅಂತ ಬರೀಬೇಡ ಲೈಲ್. ಕಳೆದಿದ್ರೆ ತಾನೆ ಪತ್ತೆ ಆಗೋದು? ಇತ್ತು ಅಂತ ಬರಿ, ಸಹಿ ಹಾಕ್ತೀನಿ."